ಕೆಳಮನೆಗೆ ಹರಿದ ರಂಗೋಲಿ

"ಕೌನ್ಸಿಲ್‌ನೋರು ಚರಂಡಿ ನೆಟ್ಟಗೆ ಕ್ಲೀನ್ ಮಾಡ್ಸಲ್ಲ, ಅದಕ್ಕೇ ಹೀಗೆ!" ಎಂದು ಮಗಳೆದುರು ಬೈಯುತ್ತಲೇ, ಪಕ್ಕದ ಇಂಗ್ಲಿಷ್ ಅಜ್ಜಿಯ ಹಜಾರಕ್ಕೆ ನುಗ್ಗಿದ್ದ ಮಳೆನೀರು ಬಳಿಯುತ್ತಿದ್ದೆ. ಮಗಳು ಕಾರ್ಪೆಟ್ ತೋರಿಸಿದಳು.

"ಅಮ್ಮಾ, ದಟ್ಸ್ ನಮ್ಮ ರಂಗೋಲಿ."

ಬಿಳಿ ಕಾರ್ಪೆಟ್ಟಿನ ತುಂಬ ಗುಲಾಬಿ, ಹಳದಿ. ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ನಮ್ಮ ಬೀದಿ ಇಳಿಜಾರು. ನಮ್ಮ ಮನೆ ಮೇಲೆ, ಅಜ್ಜಿಯದು ಕೆಳಗೆ. ಎರಡನೇ ಕಾರಿಗೆ ಜಾಗ ಬೇಕೆಂದು ಆ ಬೇಸಿಗೆಯಲ್ಲಷ್ಟೇ ಮುಂದಿನ ಹುಲ್ಲು ಕೀಳಿಸಿ, ಅಂಗಳದ ತುಂಬ ಕಲ್ಲು ಹಾಸಿಸಿದ್ದೆವು. ದೀಪಾವಳಿಗೆ ಅದರ ಮೇಲೇ ದೊಡ್ಡ ರಂಗೋಲಿ ಬಿಡಿಸಿ ಬೀಗಿದ್ದೆ. ಇಂಗಲು ಮಣ್ಣಿಲ್ಲದ ನೀರು ಬಣ್ಣವನ್ನೂ ಹೊತ್ತುಕೊಂಡು ಇಲ್ಲಿಗೆ ಬಂದಿತ್ತು.

ಅಜ್ಜಿ ನನ್ನ ಮುಖ ನೋಡಿದರು. "ಲವ್ಲಿ ಕಲರ್ಸ್, ಡಿಯರ್," ಎಂದು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಮಳೆ ಶುರುವಾದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಹೊಸ್ತಿಲಿಗೆ.