ಎಡಗಿವಿಗೆ ಕೊಟ್ಟ ಸದ್ದು

ಕಾಲೇಜಿನ ಮನೋವಿಜ್ಞಾನ ಪ್ರಯೋಗಾಲಯದಲ್ಲಿ ಇಪ್ಪತ್ತೊಂದು ವರ್ಷದಿಂದ ಸಹಾಯಕನಾಗಿದ್ದವನನ್ನು ವಿದ್ಯಾರ್ಥಿಗಳು ತಂತಿ ಸಾರ್ ಎಂದೇ ಕರೆಯುತ್ತಿದ್ದರು. ಎದೆಬಡಿತ, ಉಸಿರು, ಬೆರಳ ತುದಿಯ ಬೆವರು ಎಲ್ಲವನ್ನೂ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ ಅವನ ಸುಪರ್ದಿಯಲ್ಲಿತ್ತು. ಬರೀ ಪುಸ್ತಕ ಓದಿ ಬಂದವರು ಮೊದಲ ದಿನ ತಂತಿ ಮುಟ್ಟಲೂ ಹಿಂಜರಿಯುವರು. "ಕಚ್ಚಲ್ಲ, ಹಿಡೀರಿ" ಎಂದು ಕೈಗೇ ಕೊಟ್ಟು ಕಲಿಸುತ್ತಿದ್ದವನು ಅವನು.

ಮನೆಯಲ್ಲಿ ಅವನೂ ಹೆಂಡತಿಯೂ ಇಬ್ಬರೇ. ಅವಳು ಬಟ್ಟೆ ಹೊಲಿದು ಕೊಡುತ್ತಿದ್ದಳು. ಒಂದು ವರ್ಷದಿಂದೀಚೆಗೆ ಅವಳು ಮಾತು ಕಡಿಮೆ ಮಾಡಿದ್ದಾಳೆ ಎಂದು ಅವನಿಗೆ ಅನಿಸಿತ್ತು. ಯಾಕೆಂದು ಕೇಳಿರಲಿಲ್ಲ. ವಯಸ್ಸಾದ ಮೇಲೆ ಎಲ್ಲರ ಮನೆಯಲ್ಲೂ ಇಷ್ಟೇ ಎಂದುಕೊಂಡು ಸುಮ್ಮನಿದ್ದ.

ಆ ಮಂಗಳವಾರ ಪ್ರಯೋಗಕ್ಕೆ ಕೂರಬೇಕಿದ್ದ ವಿದ್ಯಾರ್ಥಿ ಕೈಕೊಟ್ಟ. "ನಾನೇ ಕೂರ್ತೀನಿ, ಶುರು ಮಾಡಿ" ಎಂದು ತಂತಿ ಸಾರ್ ಕುರ್ಚಿಯಲ್ಲಿ ಕೂತ. ಕಿವಿಗೆ ಹೆಡ್‌ಫೋನ್, ಎರಡು ಬೆರಳಿಗೆ ಪಟ್ಟಿ. ಒಮ್ಮೆ ಬಲಗಿವಿಗೆ, ಒಮ್ಮೆ ಎಡಗಿವಿಗೆ ಮೆಲ್ಲನೆಯ ಸದ್ದು ಕೊಡಬೇಕು. ಸದ್ದು ಕೇಳಿದರೆ ಬೆರಳು ತುಸು ಬೆವರಿ ಗೆರೆ ಮೇಲೇಳುತ್ತದೆ.

ಬಲಗಿವಿಯ ಸದ್ದಿಗೆ ಗೆರೆ ಎದ್ದಿತು. ಆಮೇಲೆ ಎಷ್ಟು ಹೊತ್ತಾದರೂ ಏಳದೆ ನೆಟ್ಟಗೇ ಹೋಯಿತು. ಪ್ರಯೋಗ ನಡೆಸುತ್ತಿದ್ದ ಇಬ್ಬರು ಹುಡುಗಿಯರು ಪಟ್ಟಿ ಒತ್ತಿದರು, ತಂತಿ ಬದಲಿಸಿದರು.

"ಎಷ್ಟು ಹೊತ್ತಮ್ಮಾ? ಎಡಗಡೆ ಸದ್ದು ಕೊಡಿ ಮೊದ್ಲು" ಎಂದ ಅವನು.

ಯಂತ್ರದ ಮುಂದಿದ್ದ ಹುಡುಗಿ ಪಕ್ಕದವಳ ಮುಖ ನೋಡಿದಳು. "ಕೊಟ್ಟಿದೀವಿ ಸಾರ್. ಆರು ಸಲ."

ಅವನು ಹೆಡ್‌ಫೋನ್ ಕಿತ್ತು ಅದಲುಬದಲು ಮಾಡಿ ಹಾಕಿಕೊಂಡ. ಎಡಗಿವಿಗೆ ಬರಬೇಕಿದ್ದ ಅದೇ ಸದ್ದು ಈಗ ಬಲಗಿವಿಯಲ್ಲಿ ಸ್ಪಷ್ಟವಾಗಿ ಕೇಳಿತು. ಹೆಡ್‌ಫೋನ್ ತೆಗೆದಿಟ್ಟು ಎದ್ದ.

ಮಧ್ಯಾಹ್ನವೇ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳ ಹೊಲಿಗೆ ನಿಂತಿತು.

"ಯಾವ ಕಿವಿ?"

"ಎಡಗಡೇದು."

ಅವಳು ಊಟದ ಮೇಜಿನ ಕಡೆ ನೋಡಿದಳು. ಈ ಮನೆಗೆ ಬಂದಾಗಿನಿಂದ ಅವಳು ಕೂರುತ್ತಿದ್ದದ್ದು ಅವನ ಎಡಕ್ಕೆ; ಬಲಕ್ಕೆ ಟಿ.ವಿ. ಕೂಗುತ್ತಿರುತ್ತಿತ್ತು.

"ಹಾಗಾದ್ರೆ ಹೋದ ವರ್ಷ ನಾನು ಹೇಳಿದ್ದೂ ಕೇಳಿಸ್ಲಿಲ್ವಾ? ಎದೇಲಿ ಗಂಟಿದೆ, ಗುರುವಾರ ಆಸ್ಪತ್ರೆಗೆ ಬರೋಕೆ ಹೇಳಿದಾರೆ, ಜೊತೆಗೆ ಬನ್ನಿ ಅಂದಿದ್ದೆ."

ಅವನು ಹತ್ತಿರ ಬಂದು ಬಲಗಿವಿಯನ್ನು ಅವಳ ಕಡೆ ತಿರುಗಿಸಿದ.

"ನೀವು ತಟ್ಟೆ ಎತ್ಕೊಂಡು ಎದ್ದು ಹೋದ್ರಿ. ಒಬ್ಳೇ ಹೋಗಿ ಬಂದೆ."

"ಗಂಟು..."

"ಭಯ ಪಡೋಂಥದ್ದಲ್ಲ ಅಂದ್ರು. ಆಮೇಲೆ ನಿಮ್ಮ ಹತ್ರ ಮಾತಾಡೋಕೇ ಮನಸ್ಸಾಗ್ಲಿಲ್ಲ."

ಅವನು ಅಲ್ಲೇ ಬಟ್ಟೆಯ ರಾಶಿಯ ಪಕ್ಕದಲ್ಲಿ ಕೂತು ಅತ್ತ. ಅವಳೂ ಅತ್ತಳು, ಕೋಪ ಮಾಡಿಕೊಂಡು ಕಳೆದ ಅಷ್ಟು ದಿನಗಳನ್ನು ಈಗ ಎಲ್ಲಿಡಬೇಕೆಂದು ಅವಳಿಗೂ ತಿಳಿಯಲಿಲ್ಲ.

ಕಿವಿಯ ಡಾಕ್ಟರ ಬಳಿಗೆ ಇಬ್ಬರೂ ಹೋದರು. ನರ ಸೋತಿದೆ, ಹೋದ ಕಿವಿ ಮರಳುವುದಿಲ್ಲ ಎಂದರು ಅವರು. ಮನೆಗೆ ಬಂದು ಅವಳು ಊಟದ ಮೇಜಿನ ತನ್ನ ಕುರ್ಚಿಯನ್ನು ಅವನ ಬಲಕ್ಕೆ ಎಳೆದುಕೊಂಡಳು.

"ಇನ್ನೇನೇನು ಹೇಳಿದ್ದೆ?" ಎಂದು ಅವನು ಕೇಳುತ್ತಿದ್ದ.

"ಎಲ್ಲಾ ಎಲ್ಲಿ ನೆನಪಿರುತ್ತೆ?" ಎನ್ನುತ್ತಿದ್ದಳು. ಆದರೆ ಒಮ್ಮೊಮ್ಮೆ ಸೂಜಿಗೆ ದಾರ ಪೋಣಿಸುತ್ತಾ ಎರಡು ವರ್ಷ ಹಿಂದಿನ ಯಾವುದೋ ಮಾತನ್ನು ತೆಗೆಯುವಳು. ಪ್ರತಿ ಸಲವೂ ಅವನು ಟಿ.ವಿ. ಆರಿಸಿ ಕೇಳುತ್ತಿದ್ದ.