ಬೀಗ ಹಾಕಿದ ಕಡತದ ನಂಬರು

ಹೊಳೆನರಸೀಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಂಡು ನಂಬರು ಕೊಡುವುದು ಯಶೋಧರಾಳ ಕೆಲಸ. ಹನ್ನೆರಡು ವರ್ಷದ ಸರ್ವೀಸು. ಕಡತಗಳೆಲ್ಲ ಗುಪ್ತಲಿಪಿಯಲ್ಲಿ ಕ್ಲೌಡ್ ಸೇರುತ್ತಿದ್ದವು. ಓದುವ ಕೀಲಿ ಡಾಕ್ಟರ ಬಳಿ ಮಾತ್ರ. ಅವಳ ಕಂಪ್ಯೂಟರಿನಲ್ಲಿ ಕಾಣುತ್ತಿದ್ದುದು ಡಾಕ್ಟರ ಯಾವ ಹುಡುಕಾಟಕ್ಕೆ ಯಾವ ನಂಬರಿನ ಕಡತ ತೆರೆಯಿತು ಎಂಬುದಷ್ಟೆ. ಹುಡುಕಿದ ಪದವೂ ಅರ್ಥವಿಲ್ಲದ ಅಕ್ಷರಗಳ ಸಾಲು.

ಆದರೆ ಒಂದೇ ಪದಕ್ಕೆ ಪ್ರತಿ ಸಲವೂ ಅದೇ ಸಾಲು ಬರುತ್ತಿತ್ತು. ಸೋಮವಾರಗಳಂದು ಒಂದು ಸಾಲಿಗೆ ಹನ್ನೊಂದು ಕಡತ ಒಟ್ಟಿಗೆ ತೆರೆಯುತ್ತಿದ್ದವು. ಅದರಲ್ಲೊಂದು ಅವಳ ಚಿಕ್ಕಮ್ಮ ಮುದ್ದಮ್ಮನದು. ಚಿಕ್ಕಮ್ಮನಿಗೆ ಕ್ಷಯವೆಂದು ಮನೆಯವರಿಗೆ ಗೊತ್ತಿತ್ತು. ಉಳಿದ ಹತ್ತು ಮಂದಿಯದೂ ಅದೇ ಎಂದು ಯಶೋಧರಾಳಿಗೆ ಹೊಳೆಯಿತು. ಹೀಗೆ ರೋಗ ಗೊತ್ತಾಗಿಬಿಡುತ್ತದೆಂದು ಡಾಕ್ಟರಿಗೆ ಅಂದೇ ತಿಳಿಸಬೇಕಿತ್ತು. ತಿಳಿಸಲಿಲ್ಲ.

ಎರಡು ವರ್ಷದ ಹಿಂದೆ ಹಳೇಕೋಟೆಯ ಮಾನಸಾ ತೋರಿಸಿಕೊಳ್ಳಲು ಬಂದಳು. ಅವಳ ಕಡತ ಸೇರಿದೊಡನೆ ಅದೇ ಸಾಲಿನ ಕೆಳಗೆ ಅವಳ ನಂಬರು ಹನ್ನೆರಡನೆಯದಾಗಿ ಕಾಣಿಸಿತು.

ಆ ವಾರವೇ ಪಕ್ಕದ ಬೀದಿಯ ಬೆಳ್ಳಮ್ಮ ಸಿಕ್ಕಳು. ಮಗ ಮಹೇಶನಿಗೆ ಮಾನಸಾಳನ್ನು ಕೇಳಿದ್ದರು. ಹುಡುಗಿಯನ್ನು ಆಸ್ಪತ್ರೆಯಲ್ಲಿ ಕಂಡೆ, ಏನಾದರೂ ಕಾಯಿಲೆ ಇದೆಯೇ ಎಂದಳು.

"ನಂಗೊತ್ತಿಲ್ಲ ಕಣಕ್ಕ. ಒಂದಾರು ತಿಂಗ್ಳು ತಡುದ್ರೆ ಒಳ್ಳೇದು."

ಮಾತ್ರೆ ಮುಗಿದು ವಾಸಿಯಾಗಲಿ, ಆಮೇಲೆ ಮದುವೆಯಾಗಲಿ ಎಂದು ಯಶೋಧರಾ ಎಣಿಸಿದ್ದಳು. ಬೆಳ್ಳಮ್ಮ ಸಂಬಂಧವನ್ನೇ ಬಿಟ್ಟಳು. ಏಕೆಂದು ಕೇಳಿದವರಿಗೆಲ್ಲ ಆಸ್ಪತ್ರೆಯವಳೇ ಹೇಳಿದಳು ಎಂದಳು. ಊರು ಉಳಿದದ್ದನ್ನು ಊಹಿಸಿತು. ಮಾನಸಾ ಯಾರ ಕಣ್ಣಿಗೂ ಬೀಳಬಾರದೆಂದು ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸಿದಳು. ಮೂರು ತಿಂಗಳು ಮಾತ್ರೆ ತಪ್ಪಿ ರೋಗ ಹಟ ಹಿಡಿಯಿತು. ಹಾಸನದ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಆ ಸುದ್ದಿ ಕೇಳಿದ ದಿನ ಯಶೋಧರಾ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ತಂತ್ರಾಂಶ ಮಾಡಿಕೊಟ್ಟ ಗೌತಮನನ್ನು ಕರೆಸಿದರು. ಅವನು ಅವಳ ಕಂಪ್ಯೂಟರಿನ ಮುಂದೆ ಕೂತು ಸಾಲುಗಳನ್ನು ನೋಡಿದ.

"ಕಡತಕ್ಕೆ ಬೀಗ ಹಾಕಿದ್ವಿ ಸಾ. ಹುಡುಕೋದಕ್ಕೆ ಹಾಕ್ಲಿಲ್ಲ."

ತಿಂಗಳೊಳಗೆ ವ್ಯವಸ್ಥೆ ಬದಲಾಯಿತು. ಈಗ ಪ್ರತಿ ಹುಡುಕಾಟವೂ ಬೇರೆಯಾಗಿಯೇ ಕಾಣುತ್ತದೆ. ಹೊಸ ಕಡತ ಹಳೆಯ ಸಾಲಿಗೆ ಸೇರುವುದಿಲ್ಲ, ಯಾವುದು ತೆರೆಯಿತೆಂದೂ ತಿಳಿಯುವುದಿಲ್ಲ. ಡಾಕ್ಟರು ಯಶೋಧರಾಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ ಎನ್ನುತ್ತಾಳೆ.

ಮಾನಸಾ ಗುಣವಾಗಿ ಮನೆಗೆ ಬಂದ ಮೇಲೆ ಯಶೋಧರಾ ಹಳೇಕೋಟೆಗೆ ಹೋಗಿ ತಪ್ಪೊಪ್ಪಿಕೊಂಡಳು. ಮಾನಸಾ ಕೂರಿಸಿ ನೀರು ಕೊಟ್ಟಳು, ಕೊನೆಯವರೆಗೂ ಕೇಳಿಸಿಕೊಂಡಳು.

"ನೀವು ಕೆಟ್ಟೋರಲ್ಲ ಕಣಕ್ಕ. ಆದ್ರೆ ಇನ್ಮ್ಯಾಲೆ ನಮ್ಮನೆ ಕಡೀಕೆ ಬರ್ಬ್ಯಾಡಿ."

ಯಶೋಧರಾ ಮತ್ತೆ ಹೋಗಿಲ್ಲ.