ಗುರುಗಳ ದನಿಯಲ್ಲಿ ಒಂದು ಫೋನು

ಹನ್ನೊಂದು ವರ್ಷ ನನ್ನ ಕವಿತೆಗಳು ಒಂದೇ ದಾರಿ ಹಿಡಿದು ಹೋದವು. ಸಿಂದಗಿಯಿಂದ ಇಂಡಿಗೆ, ಅಲ್ಲಿಂದ ಜಿಲ್ಲಾ ಊರಿನ ಒಂದು ಮಾಸಪತ್ರಿಕೆಗೆ. ಇಂಡಿಯಲ್ಲಿ ನನ್ನ ಗುರುಗಳ ಮನೆ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ನಲವತ್ತು ವರ್ಷಗಳಿಂದ ಅದೇ ಪತ್ರಿಕೆಗೆ ಬರೆಯುತ್ತ ಬಂದವರು. ನಮ್ಮಲ್ಲಿ ಹೊಸಬ ನೇರವಾಗಿ ಸಂಪಾದಕರಿಗೆ ಕವಿತೆ ಕಳಿಸಿದರೆ ಅದು ಸೊಕ್ಕು. ಹಿರಿಯರ ಕೈಗೆ ಕೊಡಬೇಕು. ಅವರು ಎರಡು ಸಾಲಿನ ಪತ್ರ ಬರೆದು ಜೊತೆಗಿಟ್ಟು ಲಕೋಟೆ ಅಂಟಿಸಬೇಕು. ಅಂಚೆಗೆ ಹಾಕುವವನು ಮಾತ್ರ ನಾನೇ. ಪ್ರತಿ ಸಲ ಡಬ್ಬಿಗೆ ಬಿಡುವ ಮುಂಚೆ ಲಕೋಟೆಯನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದೆ. ಒಳಗಿನ ಪತ್ರ ಓದಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಅಷ್ಟು ಒಳ್ಳೆಯ ಹುಡುಗ ನಾನು ಎಂದರೆ ನೀವು ನಂಬಬಹುದು, ನಮ್ಮವ್ವ ನಂಬುವುದಿಲ್ಲ.

ಹೊಟ್ಟೆಪಾಡಿಗೆ ತಹಶೀಲ್ದಾರ್ ಕಚೇರಿಯ ಎದುರು ಝೆರಾಕ್ಸ್ ಅಂಗಡಿ. ಹಗಲೆಲ್ಲ ಕಾಗದದ ನಕಲು, ಬಿಡುವಿದ್ದಾಗ ಮನುಷ್ಯರದು. ಕಂಡಕ್ಟರ್, ಪೂಜಾರಿ, ಮಂತ್ರಿ, ನಮ್ಮ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ಯಾರಾದರೂ ನಿವೃತ್ತರಾದರೆ ಹಾರದ ಜೊತೆ ನನ್ನನ್ನೂ ತರಿಸುತ್ತಾರೆ. ನನ್ನದೇ ದನಿ ಕೇಳೋಣ ಎಂದು ಯಾರೂ ಕರೆದಿಲ್ಲ. ನನಗೂ ಅದರ ಪರಿಚಯ ಅಷ್ಟಕ್ಕಷ್ಟೆ.

ಗುರುಗಳ ದನಿ ನನ್ನ ಒಳ್ಳೆಯ ಸರಕು. ಮೊದಲು ಎರಡು ಸಲ ಗಂಟಲು ಕೆರೆದುಕೊಳ್ಳಬೇಕು, ಆಮೇಲೆ ಮಾತನ್ನು ಮೂಗಿನಿಂದ ಇಳಿಸಬೇಕು. ನಾನು ಕಾಲೇಜಿನಲ್ಲಿದ್ದಾಗ ಬಸವನ ಬಾಗೇವಾಡಿಯ ಒಂದು ಕವಿಗೋಷ್ಠಿಯಲ್ಲಿ ಅಧ್ಯಕ್ಷರು ಬರುವುದು ತಡವಾಯಿತು. ಜನ ಏಳತೊಡಗಿದ್ದರಿಂದ ಸಂಘಟಕರು ನನ್ನನ್ನು ಮೈಕಿನ ಮುಂದೆ ದಬ್ಬಿದರು. ಗುರುಗಳ ಬೆಳದಿಂಗಳ ಕವಿತೆಯನ್ನು ಅವರ ಹಾಗೆಯೇ ಓದಿದೆ, ಪ್ರತಿ ಸಾಲನ್ನೂ ಎರಡು ಸಲ, ಎರಡನೆಯ ಸಲ ಕಣ್ಣು ಮುಚ್ಚಿ. ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಸಾಲಿನಲ್ಲಿದ್ದ ಗುರುಗಳೂ ನಕ್ಕರು. ಇಳಿದು ಬಂದಾಗ ಬೆನ್ನು ತಟ್ಟಿ, "ಮಗನ, ನನಕಿಂತ ಛಲೋ ಓದಿದಿ" ಅಂದರು.

ಆ ಖುಷಿಯಲ್ಲೇ ಮರುವಾರ ನನ್ನ ಮೊದಲ ಕವಿತೆಯನ್ನು ಅವರ ಕೈಗಿಟ್ಟೆ. ಅದು ಅಚ್ಚಾಗಲಿಲ್ಲ. ಅದರ ಮುಂದಿನದೂ ಆಗಲಿಲ್ಲ, ಅದರ ಮುಂದಿನದೂ ಆಗಲಿಲ್ಲ.

"ಇನ್ನೂ ಮಾಗಬೇಕು ತಮ್ಮಾ," ಎನ್ನುತ್ತಿದ್ದರು ಗುರುಗಳು. "ನಂದು ಮೊದಲನೇದು ಬರಾಕ ಒಂಬತ್ತು ವರ್ಷ ಹಿಡೀತು. ಪಟ್ಟು ಬಿಡಬ್ಯಾಡ."

"ನಿಮ್ಮ ದಾಖಲೆ ಮುರದೇನ್ರಿ ಸರ. ನಂದು ಹತ್ತನೇ ವರ್ಷ ನಡದೈತಿ."

ಹೋದ ವರ್ಷ ಒಬ್ಬ ಹೆಂಗಸು ಗಂಡನ ಮರಣ ಪ್ರಮಾಣಪತ್ರ ಹಿಡಿದು ಅಂಗಡಿಗೆ ಬಂದಳು. ಎಷ್ಟು ಪ್ರತಿ ಬೇಕವ್ವ ಎಂದೆ. "ಎಷ್ಟು ಬೇಕಾಗ್ತಾವೋ ಯಪ್ಪಾ, ನಿನಗ ಗೊತ್ತಿರ್ತೈತಿ" ಅಂದಳು. ನನಗೆ ಗೊತ್ತಿರಲಿಲ್ಲ. ಆ ಮಾತಿನ ಮೇಲೆ ಒಂದು ಕವಿತೆ ಬರೆದೆ. ನನ್ನ ಯಾವುದರ ಮೇಲೂ ಭರವಸೆಯಿಲ್ಲದ ನನಗೂ ಆ ಕವಿತೆಯ ಮೇಲೆ ಭರವಸೆ ಹುಟ್ಟಿತು. ಒಂದೇ ಒಂದಾದರೂ, ಕವಿತೆ ಚೆನ್ನಾಗಿದೆ ಎಂಬ ಕಾರಣಕ್ಕೇ ಅಚ್ಚಾಗಲಿ ಎನ್ನಿಸಿತು. ಎಂದಿನಂತೆ ಗುರುಗಳ ಕೈಗೆ ಕೊಟ್ಟು, ಲಕೋಟೆಯನ್ನು ಅಂಚೆಗೆ ಹಾಕಿದೆ. ನಾಲ್ಕು ತಿಂಗಳು ಸುದ್ದಿಯಿಲ್ಲ.

ಆಗ ನನ್ನ ಬುದ್ಧಿ ತೋರಿಸಿದೆ. ಸಂಪಾದಕರದು ಹಳೆಯ ಲ್ಯಾಂಡ್‌ಲೈನ್, ಯಾರ ನಂಬರೂ ಕಾಣದು. ಎರಡು ಸಲ ಗಂಟಲು ಕೆರೆದು, ಗುರುಗಳ ದನಿಯಲ್ಲಿ ನನಗೆ ನಾನೇ ಶಿಫಾರಸು ಮಾಡಲು ಹೊರಟೆ.

"ಏನ್ರಿ ಸರ, ಅಪರೂಪಕ್ಕ ಫೋನ್ ಮಾಡೀರಿ," ಅಂದರು ಸಂಪಾದಕರು.

"ಏನಿಲ್ರಿ, ನಮ್ಮ ಝೆರಾಕ್ಸ್ ಹುಡುಗನ ಕವಿತಿ ಬಂದಿರಬೇಕಲ್ರಿ."

"ಬಂದೈತ್ರಿ. ನೀವು ಬರದಂಗ ಬಾಜೂಕ ಇಟ್ಟೇನ್ರಿ."

"ಏನಂತ ಬರದಿದ್ದೆ?"

"ಪ್ರತಿ ಸಲ ಬರಿಯೂದ ಅಲ್ರಿ. ಇಂವ ನಕಲಿ ಮಾಡವ, ಕವಿತಿನೂ ಯಾರದೋ ನಕಲ ಇರ್ತಾವ, ಹಟ ಮಾಡ್ತಾನಂತ ಕಳಸಾಕತ್ತೇನಿ, ಅಚ್ಚು ಹಾಕಬ್ಯಾಡ್ರಿ ಅಂತ. ನಾ ಓದೂದೂ ಬಿಟ್ಟೇನ್ರಿ."

ಹನ್ನೊಂದು ವರ್ಷ ಹಣೆಗೊತ್ತಿಕೊಂಡು ಅಂಚೆಗೆ ಹಾಕಿದ್ದು ಇದನ್ನು. ನನ್ನೊಳಗಿನ ಗುರುಗಳ ಗಂಟಲು ಮಾತ್ರ ತಾನಾಗಿಯೇ ಎರಡು ಸಲ ಕೆರೆದುಕೊಂಡಿತು.

"ನಾ ತಪ್ಪು ತಿಳಕೊಂಡಿದ್ದೆ. ಇದು ಅವಂದ ಐತಿ. ಹಾಕ್ರಿ."

"ನೀವು ಅಂದಮ್ಯಾಲ ಮುಗೀತ್ರಿ."

ಓದಿ ನೋಡುತ್ತೇನೆ ಎನ್ನಲಿಲ್ಲ ಅವರು. ಎರಡು ತಿಂಗಳಿಗೆ ಕವಿತೆ ಬಂತು. ಸಿಕ್ಕವರೆಲ್ಲ "ಗುರುಗಳ ಆಶೀರ್ವಾದ" ಅಂದರು. ಅಲ್ಲ ಎನ್ನಬೇಕಾದರೆ ಫೋನಿನ ಕಥೆ ಹೇಳಬೇಕು. ಕವಿತೆ ಚೆನ್ನಾಗಿತ್ತೋ ಇಲ್ಲವೋ, ಅದು ಮಾತ್ರ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಮುದ್ದೇಬಿಹಾಳದಲ್ಲಿ ಒಂದು ಪುಸ್ತಕ ಬಿಡುಗಡೆ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ, ಕಲ್ಲುಬೆಂಚಿನ ಮೇಲೆ ಗುರುಗಳು. ಕಂಕುಳಲ್ಲಿ ಅದೇ ಪತ್ರಿಕೆ.

"ಬಂತಲ್ಲೋ ಕಡೀಕೂ."

"ಬಂತ್ರಿ ಸರ."

"ಯಾರೋ ನನ್ನ ಹೆಸರ ಮ್ಯಾಲ ಫೋನ್ ಮಾಡಿದ್ರಂತ."

"ಹೌದೇನ್ರಿ? ಯಾರೋ ನಿಮ್ಮ ಹೆಸರ ಮ್ಯಾಲ ಪತ್ರಾನೂ ಬರದಿದ್ರಂತ್ರಿ."

ಅವರು ಬಸ್ಸುಗಳ ಕಡೆ ಮುಖ ತಿರುಗಿಸಿದರು. "ಬಾಗೇವಾಡ್ಯಾಗ ಆ ಮಂದಿ ನಕ್ಕರಲ್ಲ," ಅಂದರು. "ಅವತ್ತಿನಿಂದ ನಾ ಎಲ್ಲಿ ಓದಾಕ ನಿಂತರೂ ಮೊದಲ ನಗಾಕ ತಯಾರಾಗಿ ಕುಂತಿರ್ತಾರ."

"ನನಗ ಎರಡು ಬಿಗೀಬೇಕಿತ್ರಿ ಸರ."

"ನಾನೂ ನಕ್ಕಬಿಟ್ಟಿದ್ದೆ. ಮತ್ತ ಹ್ಯಾಂಗ ಬಡೀಲಿ?"

ಅವರ ಕವಿತೆಯನ್ನು ನಗೆಪಾಟಲು ಮಾಡಿದವನು ನಾನೇ, ಅವರ ದನಿ ಕದ್ದವನೂ ನಾನೇ. ಆದರೂ ಸಿಟ್ಟು ಇಳಿಯಲಿಲ್ಲ. ಬೈದಿದ್ದರೆ ಒಂದು ದಿನದ ಮಾತು. ಪಟ್ಟು ಬಿಡಬ್ಯಾಡ ಎಂದು ಹನ್ನೊಂದು ವರ್ಷ ಹುರಿದುಂಬಿಸಿದ್ದನ್ನು ಎಲ್ಲಿಡಲಿ?

"ಅದನ್ನರ ಓದಿದ್ರೇನ್ರಿ?" ಎಂದೆ.

ಅವರು ಕನ್ನಡಕ ಹಾಕಿಕೊಂಡು ಪುಟ ಬಿಚ್ಚಿದರು. ಸಾಲಿನ ಕೆಳಗೆ ಬೆರಳಿಟ್ಟು, ಹೊಸ ಪಾಠ ಓದುವವರಂತೆ ನಿಧಾನವಾಗಿ ಇಳಿದರು. ಅಚ್ಚು ಹಾಕಬ್ಯಾಡ್ರಿ ಎಂದು ಬರೆದು ನನ್ನ ಕೈಯಲ್ಲೇ ಕಳಿಸಿಕೊಟ್ಟ ಕವಿತೆಯನ್ನು ಅವರು ಈಗ ಮೊದಲ ಸಲ ಓದುತ್ತಿದ್ದರು. ಆ ಹೆಂಗಸಿನ ಮಾತು ಬರುವಲ್ಲಿ ಬೆರಳು ನಿಂತಿತು.

"ಇದನ್ನ ನೀನ ಬರದಿಯೇನು?"

"ನಾನ ರೀ."

ಸಿಂದಗಿ ಬಸ್ಸು ಬಂತು, ಹತ್ತಿದೆ. ಆಮೇಲೆ ಮೂರು ಕವಿತೆಗಳನ್ನು ಬೇರೆ ಬೇರೆ ಪತ್ರಿಕೆಗಳಿಗೆ, ಯಾರ ಪತ್ರವನ್ನೂ ಜೊತೆಗಿಡದೆ ಕಳಿಸಿದ್ದೇನೆ. ಎರಡು ಬೇಡವೆಂದು ತಿರುಗಿ ಬಂದಿವೆ. ಅವನ್ನು ಓದಿಯೇ ಬೇಡವೆಂದರು ಎಂದುಕೊಂಡಿದ್ದೇನೆ.